ಸಹಿ ಹಾಕುವ ಮುನ್ನ: ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳು ಪಾಲು ಪಡೆಯುವ ಬಗೆ

ಅಪ್ಪ ತೀರಿಕೊಂಡು ಹನ್ನೊಂದನೆಯ ದಿನದ ಕಾರ್ಯ ಮುಗಿದಿರುತ್ತದೆ. ನೆಂಟರು ಇನ್ನೂ ಪೂರ್ತಿ ಹೊರಟಿರುವುದಿಲ್ಲ. ಅಷ್ಟರಲ್ಲಿ ತಮ್ಮ ಒಂದು ಕಾಗದ ಹಿಡಿದು ಬರುತ್ತಾನೆ: "ಅಕ್ಕಾ, ಪೌತಿ ಖಾತೆಗೆ ಬೇಕಂತೆ, ಇಲ್ಲೊಂದು ಸಹಿ ಹಾಕು." ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಕಾಗದದಲ್ಲಿ ಏನಿದೆ ಎಂದು ಅಕ್ಕ ಕೇಳುವುದಿಲ್ಲ. ಕೇಳಿದರೆ ತಮ್ಮನ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದೆ, ಪಕ್ಕದಲ್ಲೇ ಚಿಕ್ಕಪ್ಪ ಕೂತಿರುತ್ತಾರೆ. ಹೆಣ್ಣುಮಕ್ಕಳ ಪಾಲು ಕೈಬಿಟ್ಟುಹೋಗುವುದು ಬಹುಪಾಲು ಇಲ್ಲೇ. ಕೋರ್ಟಿನವರೆಗೆ ಹೋಗುವವರು ಕಡಿಮೆ.

ಆ ಕಾಗದ ಮೂರರಲ್ಲಿ ಒಂದಾಗಿರುತ್ತದೆ. ಮೊದಲನೆಯದು ವಂಶವೃಕ್ಷಕ್ಕೆ ಬೇಕಾದ ಪ್ರಮಾಣಪತ್ರ, ಅಂದರೆ ಅಫಿಡವಿಟ್. ಅದರಲ್ಲಿ ನಿಮ್ಮ ಹೆಸರಿದ್ದರೆ ಸಹಿ ಹಾಕುವುದರಿಂದ ನಷ್ಟವಿಲ್ಲ. ಎರಡನೆಯದು "ಅಣ್ಣತಮ್ಮಂದಿರ ಹೆಸರಿಗೆ ಖಾತೆ ಮಾಡಲು ನನ್ನ ಅಭ್ಯಂತರವಿಲ್ಲ" ಎನ್ನುವ ಒಪ್ಪಿಗೆ ಪತ್ರ. ನೂರು ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡಬೇಕಾದರೆ ನೋಂದಣಿ ಆಗಲೇಬೇಕು, ಹಾಗಾಗಿ ಬರೀ ಒಪ್ಪಿಗೆ ಪತ್ರದಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಮುಂದೆ ದಾವೆಯಲ್ಲಿ "ಆಗಲೇ ಒಪ್ಪಿದ್ದರು" ಎಂದು ಅದನ್ನೇ ತೋರಿಸುತ್ತಾರೆ, ಪಹಣಿಯಿಂದ ನಿಮ್ಮ ಹೆಸರೂ ಇಳಿದುಹೋಗುತ್ತದೆ. ಮೂರನೆಯದು ಹಕ್ಕು ಬಿಡುಗಡೆ ಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಫೋಟೋ, ಹೆಬ್ಬೆಟ್ಟು ತೆಗೆದು ಮಾಡಿಸುವುದು ಇದು. ಇದಕ್ಕೆ ಸಹಿ ಬಿದ್ದರೆ ಹಕ್ಕು ನಿಜಕ್ಕೂ ಹೋಯಿತು. ಆದ್ದರಿಂದ "ಕಚೇರಿಗೆ ಬಂದು ಹೋಗಬೇಕು" ಎಂದರೆ ಅದು ಮೂರನೆಯ ಕಾಗದ ಎಂದು ತಿಳಿಯಿರಿ.

ಕಾಗದ ಯಾವುದೇ ಇರಲಿ, ಫೋಟೋ ತೆಗೆದುಕೊಂಡು "ಓದಿ ನಾಳೆ ಹೇಳುತ್ತೇನೆ" ಎನ್ನಿ. ತಮ್ಮನಿಗೆ ನಿಜವಾಗಿ ಪೌತಿ ಖಾತೆಯೇ ಬೇಕಿದ್ದರೆ ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇಟ್ಟು ಎಲ್ಲ ವಾರಸುದಾರರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿಸಲು ಬರುತ್ತದೆ. ಅದಕ್ಕೆ ಯಾರೂ ಹಕ್ಕು ಬಿಡಬೇಕಿಲ್ಲ.

ಈ ಬರಹ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವವರಿಗೆ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಇದರೊಳಗೇ ಬರುತ್ತಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನು. ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಕರಾವಳಿಯ ಅಳಿಯಸಂತಾನ ಕುಟುಂಬಗಳ ಲೆಕ್ಕವೂ ಬೇರೆ.

ಮೂರು ದಿನಾಂಕಗಳು

ವಕೀಲರ ಬಳಿ ಹೋದ ಕೂಡಲೇ ಅವರು ದಿನಾಂಕ ಕೇಳುತ್ತಾರೆ: ಅಪ್ಪ ತೀರಿಕೊಂಡದ್ದು ಯಾವಾಗ, ನಿಮ್ಮ ಮದುವೆ ಆದದ್ದು ಯಾವಾಗ, ಪಾಲು ಆಗಿದ್ದರೆ ಯಾವಾಗ. ಇಷ್ಟೊಂದು ದಿನಾಂಕ ಯಾಕೆ ಬೇಕು ಎಂದು ತಿಳಿಯಬೇಕಾದರೆ ಈ ಹಕ್ಕು ಬಂದ ದಾರಿ ಗೊತ್ತಿರಬೇಕು. ಇದು ಒಂದೇ ಸಲಕ್ಕೆ ಬಂದದ್ದಲ್ಲ. ಹೋರಾಟ ಎಷ್ಟು ತಳ್ಳಿತೋ ಅಷ್ಟು ಸರಿಯಿತು, ಪ್ರತಿಸಲ ಎಲ್ಲಿ ನಿಂತಿತೋ ಅಲ್ಲಿ ಒಂದು ಷರತ್ತು ಉಳಿಯಿತು.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಮಾಡಿ, ಕುಟುಂಬದಲ್ಲಿ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಿಸಿತು. ದೇಶದ ಬೇರೆ ಕಡೆ ಅದೇ ಕಾಲಕ್ಕೆ ಅಖಿಲ ಭಾರತ ಮಹಿಳಾ ಸಮ್ಮೇಳನದವರು ಹಿಂದೂ ಕಾನೂನನ್ನೇ ತಿದ್ದಬೇಕೆಂದು ಪಟ್ಟು ಹಿಡಿದಿದ್ದರು. 1941ರಲ್ಲಿ ನೇಮಕವಾದ ಸಮಿತಿಗೆ ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್ ಅಧ್ಯಕ್ಷರು. ಆ ಕರಡನ್ನು ಮಸೂದೆಯಾಗಿ ಮುಂದಕ್ಕೆ ಒಯ್ದ ಅಂಬೇಡ್ಕರ್, ಅದು ಪಾಸಾಗದಂತೆ ಎಳೆದಾಡಿದಾಗ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. 1956ರಲ್ಲಿ ಬಂದ ಕಾಯ್ದೆ ರಾಜಿಯ ಕೂಸು. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಪಾಲು ಸಿಕ್ಕಿತು, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು.

ಆಮೇಲಿನ ತಿದ್ದುಪಡಿ ದಕ್ಷಿಣದಿಂದ ಶುರುವಾಯಿತು. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ. ಕರ್ನಾಟಕದ ತಿದ್ದುಪಡಿಯ ಹೆಸರಿನಲ್ಲಿ 1990 ಎಂದೇ ಇದೆ. ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಯಾದದ್ದು 30 ಜುಲೈ 1994ಕ್ಕೆ. ಅಷ್ಟರೊಳಗೆ ಮದುವೆಯಾದವರು ಆ ಕಾಯ್ದೆಯಿಂದ ಹೊರಗುಳಿದರು. ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. ಅಕ್ಕನ ಲಗ್ನಪತ್ರಿಕೆಯ ತಾರೀಕಿನ ಮೇಲೆ ಹಕ್ಕು ನಿಂತಿತ್ತು.

ಈ ಷರತ್ತನ್ನು ತೆಗೆದದ್ದು 9 ಸೆಪ್ಟೆಂಬರ್ 2005ರಂದು ಜಾರಿಯಾದ ಕೇಂದ್ರ ತಿದ್ದುಪಡಿ. ಮದುವೆ ಆಗಿರಲಿ ಬಿಡಲಿ, ಮಗಳು ಹುಟ್ಟಿನಿಂದಲೇ ಮಗನಂತೆ ಪಾಲುಗಾರ್ತಿ. ಮೊದಲ ಮಸೂದೆಯಲ್ಲಿ ಕೃಷಿ ಜಮೀನಿನ ವಿಷಯದ ಅಡ್ಡಿ ಹಾಗೇ ಇತ್ತು. ಮಹಿಳಾ ಸಂಘಟನೆಗಳು, ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಮುಂತಾದವರು ಬೆನ್ನುಹತ್ತಿದ ಮೇಲೆ ಅದನ್ನೂ ತೆಗೆದರು. ಹೊಲ ಬಿಟ್ಟು ಪಾಲು ಕೊಡುವ ಕಾನೂನು ಬಂದಿದ್ದರೆ ನಮ್ಮ ಹಳ್ಳಿಗಳಲ್ಲಿ ಹಂಚಲು ಏನು ಉಳಿಯುತ್ತಿತ್ತು, ಯೋಚಿಸಿ.

ಆದರೂ "2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ?" ಎಂಬ ಪ್ರಶ್ನೆ ಉಳಿಯಿತು. ಬೆಳಗಾವಿಯ ಕೋರ್ಟಿನಲ್ಲಿ 1992ರಲ್ಲಿ ಹುಟ್ಟಿದ ಫೂಲವತಿ ದಾವೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕು ಎಂದಿತು. ಮುದ್ದೇಬಿಹಾಳದಲ್ಲಿ ಶುರುವಾದ ದಾನಮ್ಮ ದಾವೆಯಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ 2018ರಲ್ಲಿ ಅದೇ ಕೋರ್ಟ್ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಉತ್ತರ ಕರ್ನಾಟಕದ ಮನೆಗಳ ಜಗಳ, ತೀರ್ಪು ಮಾತ್ರ ಎದುರುಬದುರು. ಕೊನೆಗೆ 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಹಕ್ಕು ಬರುವುದು ಹುಟ್ಟಿನಿಂದ, ಹಾಗಾಗಿ 2005ರಲ್ಲಿ ಅಪ್ಪ ಬದುಕಿರಬೇಕೆಂದೇನೂ ಇಲ್ಲ.

ಈಗ ಗಮನಿಸಬೇಕಾದ ದಿನಾಂಕ ಒಂದೇ, 20 ಡಿಸೆಂಬರ್ 2004. ಮಸೂದೆ ರಾಜ್ಯಸಭೆಗೆ ಬಂದ ದಿನ ಅದು. ಅದಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ (ತೀರ್ಪಿನಂತೆ ಹೊರಡುವ ಆದೇಶ) ಮೂಲಕವೋ ಪಾಲಾಗಿದ್ದರೆ, ಜಮೀನು ಕ್ರಯವಾಗಿದ್ದರೆ, ಅದನ್ನು 2005ರ ಕಾಯ್ದೆ ಹಿಡಿದು ಅಲ್ಲಾಡಿಸಲು ಬರುವುದಿಲ್ಲ.

ಆಸ್ತಿ ಯಾವ ಬಗೆಯದು

"ತಾತನ ಆಸ್ತಿ, ಆದ್ದರಿಂದ ಪಿತ್ರಾರ್ಜಿತ" ಎಂದು ಎಲ್ಲರೂ ಹೇಳುತ್ತಾರೆ. ಎಲ್ಲ ಸಲ ಅದು ನಿಜವಲ್ಲ. ತಾತ ತನ್ನ ದುಡ್ಡಿನಲ್ಲಿ ಕೊಂಡ ಜಮೀನು, 1956ರ ನಂತರ ಅವರು ಉಯಿಲಿಲ್ಲದೆ ತೀರಿಕೊಂಡದ್ದರಿಂದ ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಕೈಯಲ್ಲಿ ಸ್ವಂತ ಆಸ್ತಿಯೇ. ಅಪ್ಪ ಬದುಕಿರುವವರೆಗೆ ಅದರಲ್ಲಿ ಮಗನಿಗೂ ಕೇಳುವ ಹಕ್ಕಿಲ್ಲ, ಮಗಳಿಗೂ ಇಲ್ಲ. ಅವರು ಬೇಕಾದವರಿಗೆ ಬರೆದುಕೊಡಬಹುದು. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಆಗ ಹೆಂಡತಿ, ಮಕ್ಕಳು, ಅಪ್ಪನ ತಾಯಿ ಎಲ್ಲರಿಗೂ ಸಮಪಾಲು. ಅಜ್ಜಿ ಬದುಕಿದ್ದರೆ ಆಕೆಯೂ ಪಾಲುಗಾರ್ತಿ ಎಂಬುದು ಹೆಚ್ಚಿನ ಮನೆಗಳಲ್ಲಿ ಮರೆತುಹೋಗಿರುತ್ತದೆ.

ತಲೆಮಾರುಗಳಿಂದ ಒಟ್ಟು ಕುಟುಂಬದ್ದಾಗಿ ಬಂದ ಜಮೀನು, ಪಾಲಿನಲ್ಲಿ ಅಪ್ಪನಿಗೆ ಸಿಕ್ಕ ಜಮೀನು, ಕುಟುಂಬದ ಆದಾಯದಿಂದ ಅಣ್ಣನ ಹೆಸರಿನಲ್ಲಿ ಕೊಂಡ ಜಮೀನು, ಇವು ಪಿತ್ರಾರ್ಜಿತದ ಲೆಕ್ಕಕ್ಕೆ ಬರುತ್ತವೆ. ಕೊನೆಯದನ್ನು ಸಾಬೀತು ಮಾಡುವುದು ಕಷ್ಟದ ಕೆಲಸ. ಕೊಂಡ ವರ್ಷ ಅಣ್ಣನ ವಯಸ್ಸೆಷ್ಟು, ಅವನಿಗೆ ಬೇರೆ ಸಂಪಾದನೆ ಇತ್ತೇ, ಆಗ ಕುಟುಂಬದ ಹೊಲ, ತೋಟ ಎಷ್ಟು ಫಸಲು ಕೊಡುತ್ತಿತ್ತು ಎನ್ನುವುದಕ್ಕೆ ಕಾಗದ ಬೇಕು. ಗೇಣಿ ಜಮೀನಿಗೆ 7ನೇ ನಮೂನೆ ಕೊಟ್ಟು ಭೂನ್ಯಾಯಮಂಡಳಿಯಿಂದ ಹಕ್ಕು ಪಡೆದ ಮನೆಗಳಲ್ಲಿ ಇನ್ನೊಂದು ಗಂಟು ಇರುತ್ತದೆ. ಆದೇಶ ಒಬ್ಬರ ಹೆಸರಿನಲ್ಲಿದ್ದರೂ ಗೇಣಿ ಮಾಡಿದ್ದು ಇಡೀ ಕುಟುಂಬ. ಆ ಕಡತವನ್ನು ತಾಲ್ಲೂಕು ಕಚೇರಿಯಿಂದ ಮರೆಯದೆ ತೆಗೆಸಿ. ಅರ್ಜಿಯಲ್ಲಿ, ಹೇಳಿಕೆಯಲ್ಲಿ "ನಮ್ಮ ತಂದೆಯ ಕಾಲದಿಂದ" ಎಂಬ ಒಂದು ಸಾಲು ಸಿಕ್ಕಿದರೂ ಕೆಲಸಕ್ಕೆ ಬರುತ್ತದೆ.

ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ, ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದೇವೆ ಎನ್ನುವುದು ಕಾನೂನಿನಲ್ಲಿ ಪಾಲಿಗೆ ಬದಲಾಗಿ ನಿಲ್ಲುವುದಿಲ್ಲ.

ಎಷ್ಟು ಬರುತ್ತದೆ: 6 ಎಕರೆಯ ಲೆಕ್ಕ

ಅಪ್ಪ, ಅಮ್ಮ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಪಿತ್ರಾರ್ಜಿತ 6 ಎಕರೆ, ಅಂದರೆ 240 ಗುಂಟೆ. ಅಪ್ಪ ಉಯಿಲಿಲ್ಲದೆ ತೀರಿಕೊಂಡರು. ಕಾನೂನು ಇಲ್ಲಿ ಒಂದು ಕಲ್ಪನೆ ಮಾಡಿಕೊಳ್ಳುತ್ತದೆ: ಅಪ್ಪ ಸಾಯುವ ಮುಂಚಿನ ಗಳಿಗೆಯಲ್ಲಿ ಪಾಲಾಗಿತ್ತು ಎಂದುಕೊಂಡು ಮೊದಲು ಅವರ ಪಾಲು ಎಷ್ಟೆಂದು ತೆಗೆಯುತ್ತದೆ, ಆಮೇಲೆ ಆ ಪಾಲನ್ನು ವಾರಸುದಾರರಿಗೆ ಹಂಚುತ್ತದೆ.

ಆ ಕಲ್ಪನೆಯ ಪಾಲಿನಲ್ಲಿ ಅಮ್ಮನನ್ನೂ ಸೇರಿಸಿದರೆ ಆರು ಜನ, ತಲಾ 40 ಗುಂಟೆ. ಅಪ್ಪನ 40 ಗುಂಟೆಯನ್ನು ಅಮ್ಮ ಮತ್ತು ನಾಲ್ಕು ಮಕ್ಕಳು ಹಂಚಿಕೊಂಡರೆ ತಲಾ 8. ಒಬ್ಬೊಬ್ಬರಿಗೂ 48 ಗುಂಟೆ, 1 ಎಕರೆ 8 ಗುಂಟೆ, ಸರಿಯಾಗಿ ಐದನೇ ಒಂದು. ದಾನಮ್ಮ ಪ್ರಕರಣದಲ್ಲಿ ಇದೇ ಅಳತೆಯ ಕುಟುಂಬಕ್ಕೆ ಬಂದದ್ದು ಐದನೇ ಒಂದೇ.

ಅಮ್ಮನನ್ನು ಕಲ್ಪನೆಯ ಪಾಲಿನಲ್ಲಿ ಸೇರಿಸದಿದ್ದರೆ ಐದೇ ಜನ, ತಲಾ 48 ಗುಂಟೆ. ಅಪ್ಪನ 48 ಐದಾಗಿ ಒಡೆದು ತಲಾ 9.6. ಮಕ್ಕಳಿಗೆ 57.6 ಗುಂಟೆ, ಅಮ್ಮನಿಗೆ ಬರೀ 9.6. ಗಂಡ ಮತ್ತು ಮಕ್ಕಳ ನಡುವೆ ಪಾಲಾಗುವಾಗ ಹೆಂಡತಿಗೆ ಪಾಲಿಲ್ಲ ಎಂಬುದು ದಕ್ಷಿಣದ ದ್ರಾವಿಡ ಸಂಪ್ರದಾಯದ ಹಳೆಯ ವಾದ. ಮುಂಬಯಿ ಕಡೆಯ ಸಂಪ್ರದಾಯದಲ್ಲಿ ಪಾಲುಂಟು. 1978ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಗುರುಪಾದ ಪ್ರಕರಣದಲ್ಲಿ ವಿಧವೆಗೆ ಕೊಡಿಸಿದ್ದೂ ಹಾಗೆಯೇ. ಹೆಣ್ಣುಮಕ್ಕಳ ಪಾಲಿನ ದಾವೆ ಬರೆಯುವಾಗ ಅಮ್ಮನ ಪಾಲನ್ನು ಮರೆಯುವುದು ಸಾಮಾನ್ಯ ತಪ್ಪು. ಮಗಳ ಹಕ್ಕಿನ ಹೆಸರಿನಲ್ಲಿ ಅಮ್ಮನ 38 ಗುಂಟೆ ಕೈಬಿಟ್ಟುಹೋಗುವುದು ನ್ಯಾಯವೂ ಅಲ್ಲ. ವಕೀಲರಿಗೆ ಈ ಎರಡು ಲೆಕ್ಕವನ್ನೂ ತೋರಿಸಿ ಕೇಳಿ.

ಸೊಸೆಗೆ ಮಾವನ ಮನೆಯ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕಿಲ್ಲ. ಗಂಡ ತೀರಿಕೊಂಡಿದ್ದರೆ ಅವನ ಪಾಲಿಗೆ ಅವಳು ಮತ್ತು ಮಕ್ಕಳು ವಾರಸುದಾರರು.

ಕೂಡಿಸಬೇಕಾದ ಕಾಗದಗಳು

ಯಾರಿಗೂ ಸುದ್ದಿ ಹೇಳುವ ಮೊದಲು ಈ ಕೆಲಸ ಮುಗಿಸಿ. ಪಾಲು ಕೇಳುತ್ತಿದ್ದಾಳೆ ಎಂದು ಗೊತ್ತಾದ ದಿನದಿಂದ ಕಾಗದ ಸಿಗುವುದು ಕಷ್ಟವಾಗುತ್ತದೆ, ಕ್ರಯಪತ್ರಗಳೂ ಬೇಗ ಬೇಗ ನಡೆಯುತ್ತವೆ.

ಪಹಣಿ ಮೊದಲು. ಹಳೆಯ ಮೈಸೂರಿನಲ್ಲಿ ಪಹಣಿ, ಬೆಳಗಾವಿ ಧಾರವಾಡ ಕಡೆ ಉತಾರ, ಎರಡೂ ಒಂದೇ. ಈಗಿನದು ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಬರುತ್ತದೆ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಆ ಹೆಸರು ಹೇಗೆ ಬಂತು ಎನ್ನುವುದಕ್ಕೆ ಮ್ಯುಟೇಶನ್ ನಂಬರ್, 11ರಲ್ಲಿ ಸಾಲ, ಇತರೆ ಹಕ್ಕು. ನಿಮಗೆ ಬಹಳ ಬೇಕಾದದ್ದು 10ನೇ ಕಾಲಂ. ಅಲ್ಲಿರುವ ನಂಬರ್ ಹಿಡಿದು ಮ್ಯುಟೇಶನ್ ರಿಜಿಸ್ಟರಿನ ಆ ಪುಟದ ನಕಲು ತೆಗೆಸಿ. ಪೌತಿ, ಪಾಲು, ಕ್ರಯ, ದಾನ, ಹಕ್ಕು ಬಿಡುಗಡೆ, ಯಾವುದರಿಂದ ಹೆಸರು ಬದಲಾಯಿತು, ಯಾವ ತಾರೀಕು, ಯಾರ ಹೇಳಿಕೆ ಎಂದು ಆ ಪುಟದಲ್ಲಿರುತ್ತದೆ. ಉತ್ತರ ಕರ್ನಾಟಕದಲ್ಲಿ ಕಂದಾಯ ಕಚೇರಿಗೆ ಬರೀ ವರ್ದಿ, ಅಂದರೆ ಹೇಳಿಕೆ, ಕೊಟ್ಟು ವಾಟ್ನಿ (ಪಾಲು) ಮಾಡಿಕೊಂಡ ಮನೆಗಳು ಬೇಕಾದಷ್ಟಿವೆ. ಗಂಡುಮಕ್ಕಳೇ ವರ್ದಿ ಕೊಟ್ಟಿರುತ್ತಾರೆ, ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಅದು ನೋಂದಾಯಿತ ಪಾಲು ಅಲ್ಲ, ಆದ್ದರಿಂದ ನಿಮ್ಮ ಕೇಸು ಮುಚ್ಚಿಹೋಗಿಲ್ಲ.

ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ತಾತನ ಹೆಸರು ಕಾಣುವವರೆಗೆ ಹಿಂದಕ್ಕೆ ಹೋಗಿ. ಜಮೀನು ಪಿತ್ರಾರ್ಜಿತ ಎಂದು ತೋರಿಸುವುದು ಈ ಹಳೆಯ ಪಹಣಿಗಳೇ. ಋಣಭಾರ ಪತ್ರ, ಅಂದರೆ ಇಸಿ, 2004ರಿಂದ ಈಚಿನದು ಕಾವೇರಿ ಜಾಲತಾಣದಲ್ಲಿ, ಹಿಂದಿನದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಊರಿನ ಮನೆಗೆ ಪಂಚಾಯ್ತಿಯ ಇ-ಸ್ವತ್ತು ನಮೂನೆ, ಪಟ್ಟಣದ ಮನೆಗೆ ಖಾತಾ. ಅಪ್ಪನ ಮರಣ ಪ್ರಮಾಣಪತ್ರ. ನೀವು ಅವರ ಮಗಳು ಎನ್ನುವುದಕ್ಕೆ ಶಾಲೆಯ ವರ್ಗಾವಣೆ ಪತ್ರ ಒಳ್ಳೆಯ ಸಾಕ್ಷಿ, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದವರಿಗೆ ಇದು ಇನ್ನೂ ಮುಖ್ಯ.

ವಂಶವೃಕ್ಷವನ್ನು ನಾಡಕಚೇರಿಯಲ್ಲಿ ನೀವೇ ಅರ್ಜಿ ಹಾಕಿ ಪಡೆಯಬಹುದು. ಅಣ್ಣಂದಿರು ಪಡೆದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿದ್ದರೆ ಅದರ ನಕಲನ್ನೂ ತೆಗೆದಿಡಿ. ಸುಳ್ಳು ವಂಶವೃಕ್ಷ ಅವರ ಕೇಸನ್ನೇ ಕೆಡಿಸುತ್ತದೆ.

ಖಾತೆಗೆ ತಕರಾರು

ಖಾತೆ ಬದಲಾವಣೆ ನಡೆಯುತ್ತಿದೆ ಎಂದು ತಿಳಿದರೆ ಅದೇ ದಿನ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸಿನ ಅವಧಿ ಚಿಕ್ಕದು. ಗ್ರಾಮ ಆಡಳಿತಾಧಿಕಾರಿಗೆ ಬಾಯಲ್ಲಿ ಹೇಳಿ ಬಂದರೆ ಅದು ಹೇಳಿದಂತೆ ಅಲ್ಲ. ತಕರಾರಿನಲ್ಲಿ ನಾಲ್ಕು ಸಾಲು ಸಾಕು: ಸರ್ವೆ ನಂಬರ್ ಮತ್ತು ವಿಸ್ತೀರ್ಣ, ನೀವು ಯಾರ ಮಗಳು, ನೀವು ಹಕ್ಕು ಬಿಟ್ಟಿಲ್ಲ, ನಿಮ್ಮ ಹೆಸರು ಬಿಟ್ಟು ಖಾತೆ ಮಾಡಬಾರದು.

ಖಾತೆ ಆಗಿಹೋಗಿದ್ದರೆ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ 60 ದಿನದೊಳಗೆ ಮೇಲ್ಮನವಿ. ಅಲ್ಲಿಂದ ಹೆಚ್ಚಾಗಿ ಬರುವ ಹಿಂಬರಹ "ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಎಂದೇ. ಅದಕ್ಕೆ ಎದೆಗುಂದಬೇಡಿ. ಖಾತೆ ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಆದರೆ ಬ್ಯಾಂಕಿನವರೂ ಜಮೀನು ಕೊಳ್ಳುವವರೂ ನೋಡುವುದು ಖಾತೆಯನ್ನೇ, ಅದಕ್ಕೇ ಈ ತಕರಾರು.

ಕೂತು ಮಾತಾಡಿ ಮುಗಿಯುವುದಾದರೆ

ಎಲ್ಲ ಮನೆಯಲ್ಲೂ ದಾವೆ ಬೇಕಿಲ್ಲ. "ತವರು ಬೇಕೋ, ಪಾಲು ಬೇಕೋ" ಎಂಬ ಮಾತು ಬಂದೇ ಬರುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಂತೀತು ಎಂಬ ಹೆದರಿಕೆ ಸುಳ್ಳಲ್ಲ. ಜಮೀನಿನ ಬದಲು ಹಣ ತೆಗೆದುಕೊಳ್ಳುವುದೂ, ಒಂದು ಸೈಟು ಅಥವಾ ಮನೆಯ ಒಂದು ಭಾಗ ತೆಗೆದುಕೊಳ್ಳುವುದೂ ಸರಿಯಾದ ದಾರಿಗಳೇ. ಮಾತು ಮುಗಿದರೆ ನೋಂದಾಯಿತ ಪಾಲುಪತ್ರ ಮಾಡಿಸಿ. ಕುಟುಂಬದೊಳಗಿನ ಪಾಲಿಗೆ ಮುದ್ರಾಂಕ ಶುಲ್ಕ ಕ್ರಯಪತ್ರದಂತೆ ಶೇಕಡಾವಾರು ಅಲ್ಲ, ಪಾಲೊಂದಕ್ಕೆ ಇಷ್ಟು ಎಂಬ ನಿಗದಿತ ದರ. ಕೃಷಿ ಜಮೀನನ್ನು ಒಡೆಯುವುದಾದರೆ ಮೊದಲೇ ಒಡೆಯುವ ಭಾಗಗಳನ್ನು ತೋರಿಸುವ 11ಇ ನಕ್ಷೆ ಭೂಮಾಪಕರಿಂದ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಹಣ ಪಡೆದು ಹಕ್ಕು ಬಿಡುವುದಾದರೆ ಮೊತ್ತವನ್ನು ಪತ್ರದಲ್ಲೇ ಬರೆಸಿ, ಚೆಕ್ ನಂಬರ್ ಅಥವಾ ಬ್ಯಾಂಕ್ ವರ್ಗಾವಣೆಯ ವಿವರ ಸಮೇತ. "ಪ್ರೀತಿ ವಿಶ್ವಾಸದಿಂದ" ಎಂದು ಬರೆದು ಕೈಯಲ್ಲಿ ಕೊಡುತ್ತೇವೆ ಎಂದ ಹಣ ಕೈಗೆ ಬಾರದೆ ಹೋದ ಮನೆಗಳು ಎಷ್ಟೋ. ಷೆಡ್ಯೂಲ್, ಅಂದರೆ ಪತ್ರದಲ್ಲಿನ ಆಸ್ತಿಯ ವಿವರ, ಓದಿ. ಒಂದು ಸರ್ವೆ ನಂಬರಿಗೆ ಎಂದು ಹೇಳಿ "ಹಾಗೂ ಕುಟುಂಬದ ಇತರೆ ಎಲ್ಲ ಆಸ್ತಿಗಳಲ್ಲಿ" ಎಂಬ ಒಂದು ಸಾಲು ಸೇರಿಸಿರುತ್ತಾರೆ.

ಮೋಸದಿಂದ ಹಕ್ಕು ಬಿಡುಗಡೆ ಮಾಡಿಸಿಕೊಂಡಿದ್ದಾರೆ ಎಂದು ತಿಳಿದರೆ, ತಿಳಿದ ದಿನದಿಂದ 3 ವರ್ಷದೊಳಗೆ ಅದನ್ನು ರದ್ದುಪಡಿಸಲು ದಾವೆ ಹೂಡಬೇಕು.

ಪಾಲಿನ ದಾವೆ

ದಾವೆ ಜಮೀನು ಇರುವ ಊರಿನ ಕೋರ್ಟಿನಲ್ಲೇ. ನೀವು ಬೆಂಗಳೂರಿನಲ್ಲಿದ್ದು ಜಮೀನು ಕೊಪ್ಪಳದಲ್ಲಿದ್ದರೆ ಕೊಪ್ಪಳದ ಕಡೆ ಹೋಗಬೇಕು. ಬೇರೆ ಬೇರೆ ಕಡೆ ಆಸ್ತಿ ಇದ್ದರೆ ಅವುಗಳಲ್ಲಿ ಒಂದು ಕಡೆ ಹಾಕಿದರೆ ಸಾಕು. ಸಾಧಾರಣವಾಗಿ ಮೊದಲು ವಕೀಲರ ನೋಟಿಸ್ ಕೊಡುತ್ತಾರೆ. ಆದರೆ ಅಣ್ಣಂದಿರು ಮಾರಲು ಹೊರಟಿದ್ದಾರೆ ಎಂಬ ಸುಳಿವಿದ್ದರೆ ನೋಟಿಸ್ ಕೊಟ್ಟು ಎಚ್ಚರಿಸದೆ ನೇರ ದಾವೆಗೆ ಹೋಗುವುದೇ ಲೇಸು.

ದಾವೆಗಳು ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಎಲ್ಲ ಆಸ್ತಿ ಸೇರಿಸದೆ ಕೆಲವಕ್ಕೆ ಮಾತ್ರ ಪಾಲು ಕೇಳುವುದು. ಎರಡು, ಎಲ್ಲ ಪಾಲುಗಾರರನ್ನು ಪಕ್ಷಗಾರರನ್ನಾಗಿ ಮಾಡದಿರುವುದು. ನಿಮ್ಮ ಪರವಾಗಿರುವ ತಂಗಿ, ತೀರಿಕೊಂಡ ಅಕ್ಕನ ಮಕ್ಕಳು, ಅಮ್ಮ, ಜಮೀನು ಕೊಂಡವರು, ಎಲ್ಲರೂ ದಾವೆಯಲ್ಲಿ ಇರಬೇಕು. ಪ್ರತಿ ಆಸ್ತಿಗೂ ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆಯಬೇಕು.

ಕೋರ್ಟ್ ಶುಲ್ಕದ ವಿಷಯದಲ್ಲಿ ಒಂದು ಮಾತು ಇಡೀ ಲೆಕ್ಕ ಬದಲಿಸುತ್ತದೆ. ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆ 1958ರ 35ನೇ ಕಲಮಿನಲ್ಲಿ, ನೀವು ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ಚಿಕ್ಕ ನಿಗದಿತ ಶುಲ್ಕ, ಹೊರಹಾಕಲ್ಪಟ್ಟಿದ್ದೀರಿ ಎಂದಾದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಜಂಟಿ ಸ್ವಾಧೀನ ತಪ್ಪುವುದಿಲ್ಲ. ಪಾಲುಗಾರರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನವೇ. ಸಿಟ್ಟಿನಲ್ಲಿ "ನನ್ನನ್ನು ಪೂರ್ತಿ ಹೊರಹಾಕಿದ್ದಾರೆ" ಎಂದು ದಾವೆಯಲ್ಲಿ ಬರೆಸಿದರೆ ಶುಲ್ಕ ಏರುತ್ತದೆ, ಜೊತೆಗೆ ಕಾಲಮಿತಿಯ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಹೊರಹಾಕಿದ್ದು ಗೊತ್ತಾದ ದಿನದಿಂದ 12 ವರ್ಷ ಅದರ ಮಿತಿ.

ದಾವೆಯ ಜೊತೆಗೇ ಮಾರಾಟ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿ. ಸಿಕ್ಕರೆ ದೃಢೀಕೃತ ನಕಲನ್ನು ತಹಶೀಲ್ದಾರರಿಗೂ ಸಬ್ ರಿಜಿಸ್ಟ್ರಾರರಿಗೂ ನೀವೇ ತಲುಪಿಸಿ, 11ನೇ ಕಾಲಂನಲ್ಲಿ ನಮೂದಿಸಲು ಅರ್ಜಿ ಕೊಡಿ. ಕೋರ್ಟಿನ ಆದೇಶ ತಾನಾಗಿ ಆ ಕಚೇರಿಗಳಿಗೆ ನಡೆದುಹೋಗುವುದಿಲ್ಲ. ತಡೆಯಾಜ್ಞೆ ಸಿಗದಿದ್ದರೂ, ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರಾಗಿಯೇ ಕೊಂಡಂತೆ.

ಎದುರು ಪಕ್ಷದವರ ಕೈಯಿಂದ ಬರುವುದು ಎರಡು ಕಾಗದ. ಒಂದು 2004ಕ್ಕಿಂತ ಹಿಂದಿನ ತಾರೀಕಿನ, ನೋಂದಣಿಯಾಗದ ಪಾಲುಪಟ್ಟಿ. ವಿನೀತಾ ಶರ್ಮಾ ತೀರ್ಪು ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪುವುದಿಲ್ಲ, ಸರ್ಕಾರಿ ದಾಖಲೆಗಳು ಅದನ್ನು ಎತ್ತಿಹಿಡಿಯಬೇಕು. ಛಾಪಾ ಕಾಗದದ ಹಿಂಬದಿಯಲ್ಲಿರುವ ಮಾರಾಟಗಾರರ ಮೊಹರು, ಕ್ರಮಸಂಖ್ಯೆ, ತಾರೀಕು ನೋಡಿ. ಆ ವರ್ಷದ ನಂತರವೂ ಪಹಣಿಯಲ್ಲಿ ಅಪ್ಪನ ಹೆಸರೇ ಮುಂದುವರಿದಿದ್ದರೆ ಪಾಲು ನಡೆದಿತ್ತು ಎನ್ನುವುದು ನಿಲ್ಲುವುದು ಕಷ್ಟ. ಇನ್ನೊಂದು ಉಯಿಲು. ಅಪ್ಪ ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು, ಇಡೀ ಪಿತ್ರಾರ್ಜಿತಕ್ಕಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು, ಬದುಕಿದ್ದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು.

ಖರ್ಚಿನ ಭಯಕ್ಕೆ ಒಂದು ಉತ್ತರ ಇದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನಂತೆ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೊಠಡಿ ಇರುತ್ತದೆ, ಸಹಾಯವಾಣಿ 15100. ಅಲ್ಲಿಗೂ ತಾಲ್ಲೂಕು ಕಚೇರಿಗೂ ಒಬ್ಬರೇ ಹೋಗಬೇಡಿ. ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಜೊತೆಗಿದ್ದರೆ "ನಾಳೆ ಬಾಮ್ಮ" ಎನ್ನುವ ಮಾತು ಕಡಿಮೆಯಾಗುತ್ತದೆ. ದಾವೆ ನಡೆಯುವಾಗ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್. ಆದರೆ ಆ ರಾಜಿಗೆ ಮೇಲ್ಮನವಿ ಇಲ್ಲ, ಅದಕ್ಕೇ ರಾಜಿ ಅರ್ಜಿಯನ್ನು ಮನೆಗೆ ಒಯ್ದು ಓದಿಯೇ ಸಹಿ ಹಾಕಿ.

ಡಿಕ್ರಿ ಬಂದ ಮೇಲೆ

ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿಮಗೆ ಐದನೇ ಒಂದು ಎಂದು ಅದು ಹೇಳುತ್ತದೆ, ಯಾವ ಐದನೇ ಒಂದು ಎಂದು ಹೇಳುವುದಿಲ್ಲ. ಗೆದ್ದೆವು ಎಂದು ಇಲ್ಲೇ ಮನೆಗೆ ಹೋದವರ ಡಿಕ್ರಿಗಳು ಟ್ರಂಕಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತವೆ. ಅಂತಿಮ ಡಿಕ್ರಿಯ ಕಲಾಪವನ್ನು ತಾವಾಗಿಯೇ ಮುಂದುವರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಆದರೂ ನಿಮ್ಮ ವಕೀಲರಿಂದ ಅರ್ಜಿ ಹಾಕಿಸುವುದೇ ಕ್ಷೇಮ. ಹಿಂದೆ ನಿಮ್ಮನ್ನು ಬಿಟ್ಟು ಪ್ರಾಥಮಿಕ ಡಿಕ್ರಿ ಆಗಿದ್ದು ಅಂತಿಮ ಡಿಕ್ರಿ ಇನ್ನೂ ಆಗಿಲ್ಲದಿದ್ದರೆ, ಈಗಲೂ ಒಳಗೆ ಬಂದು ಪಾಲು ಕೇಳಬಹುದು.

ಕಂದಾಯದ ಜಮೀನಾದರೆ ಹಂಚಿಕೆ ಸಿವಿಲ್ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಮೂಲಕ ಕಂದಾಯ ಇಲಾಖೆಯಿಂದ, ಮನೆಯಾದರೆ ಕೋರ್ಟ್ ಕಮಿಷನರ್ ಮೂಲಕ. ಭೂಮಾಪಕರು ಅಳತೆಗೆ ಬಂದ ದಿನ ನೀವು ಹೊಲದಲ್ಲಿರಲೇಬೇಕು. ಬೋರ್‌ವೆಲ್ ಯಾರ ಕಡೆ ಬಿತ್ತು, ಗಾಡಿದಾರಿ ಉಂಟೇ, ಕಲ್ಲುಗುಂಡಿನ ಭಾಗ ಪೂರ್ತಿ ನಿಮಗೇ ಬಂತೇ, ಇವನ್ನು ಅಲ್ಲೇ ಮಹಜರಿನಲ್ಲಿ ಬರೆಸದಿದ್ದರೆ ಆಮೇಲೆ ತಕರಾರು ಮಾಡಿ ಪ್ರಯೋಜನ ಕಡಿಮೆ. ಒಡೆಯಲಾಗದ ಸಣ್ಣ ಮನೆಯನ್ನು 1893ರ ವಿಭಜನೆ ಕಾಯ್ದೆಯಂತೆ ಮಾರಿ ಹಣ ಹಂಚಬಹುದು, ಅಥವಾ ಒಬ್ಬರು ಉಳಿದವರ ಪಾಲು ಕೊಂಡುಕೊಳ್ಳಬಹುದು.

ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು, ಅದಿಲ್ಲದೆ ಜಾರಿಗೆ ಬರುವುದಿಲ್ಲ. ಜಾರಿ ಅರ್ಜಿಗೆ 12 ವರ್ಷದ ಮಿತಿ. ಆಮೇಲೆ ಡಿಕ್ರಿಯ ನಕಲು ಕೊಟ್ಟು ಖಾತೆ, ಪೋಡಿ (ಸರ್ವೆ ನಂಬರಿನಿಂದ ನಿಮ್ಮ ಭಾಗ ಬೇರ್ಪಡಿಸುವುದು) ಮಾಡಿಸಿ ನಿಮ್ಮ ತುಂಡಿಗೆ ಹೊಸ ಹಿಸ್ಸಾ ನಂಬರ್ ಪಡೆಯಿರಿ. ಹೊಸ ಪಹಣಿ ಕೈಗೆ ಬಂದಾಗ 9ನೇ ಕಾಲಂ ಓದಿ. ಹೆಸರಿನ ಮುಂದೆ "ಬಿನ್" ಎಂದು ಅಪ್ಪನ ಹೆಸರು ಇರಲಿ, "ಕೋಂ" ಎಂದು ಗಂಡನ ಹೆಸರು ಇರಲಿ, ಅದು ಡಿಕ್ರಿಗೂ ಆಧಾರ್‌ಗೂ ಹೊಂದಬೇಕು. ಒಂದು ಒತ್ತಕ್ಷರ ತಪ್ಪಿದ್ದರೂ ತಿದ್ದುಪಡಿ ಅರ್ಜಿಯನ್ನು ಅದೇ ವಾರ ಕೊಡಿ. ಬೆಳೆ ಸಾಲ, ಬೆಳೆ ಪರಿಹಾರ ಎರಡೂ ಆ ಹೆಸರಿಗೇ ಬರುವುದು.